ದೆವ್ವದ ಸದ್ದಲ್ಲ, ಮೀಂಡ್ ಹುಡುಕಿ ನೋಡಿ
ಸಂಗೀತ ಕೇಳಿ ಬೆಳೆದ ಕಿವಿಗೂ ಥೆರೆಮಿನ್ ಎಂಬ ಎಲೆಕ್ಟ್ರಾನಿಕ್ ವಾದ್ಯ ದೆವ್ವದ ಸಿನಿಮಾ ಸದ್ದಿನ ಹಾಗೆ ಕೇಳುತ್ತದೆ, ಯಾರ ವಾದನದಿಂದ ಕೇಳಲು ಶುರು ಮಾಡಲಿ ಅಂದಿದ್ದೀರಿ. ಕ್ಲಾರಾ ರಾಕ್‌ಮೋರ್, ಮಾರಾಯ್ರೇ! ಪಿಟೀಲು ಪಳಗಿದ ಕೈ ಅದು. 1977ರ ಅವರ ಧ್ವನಿಮುದ್ರಿಕೆ ಹುಡುಕಿ.

ವಾದ್ಯ ಮುಟ್ಟುವುದೇ ಇಲ್ಲ. ಬಲಗೈ ನೆಟ್ಟಗಿನ ಆಂಟೆನಾಕ್ಕೆ ಹತ್ತಿರವಾದಷ್ಟೂ ಸ್ವರ ಏರುತ್ತದೆ, ಎಡಗೈ ಬಳೆಯಂಥ ಇನ್ನೊಂದಕ್ಕೆ ಹತ್ತಿರವಾದರೆ ಸದ್ದು ತಗ್ಗುತ್ತದೆ. ತಂತಿಯಿಲ್ಲ, ಮೆಟ್ಟಿಲ್ಲ, ಸ್ವರದಿಂದ ಸ್ವರಕ್ಕೆ ಗಾಳಿಯಲ್ಲೇ ಜಾರಬೇಕು, ನಮ್ಮ ಹಿಂದೂಸ್ತಾನಿ ಸಂಗೀತದ ಮೀಂಡಿನ ಹಾಗೆ. ಕೈ ತಪ್ಪಿದರೆ ದೆವ್ವ, ಕೂತರೆ ಕ್ಲಾರಾ.

ಆಮೇಲೆ ಜರ್ಮನಿಯ ಕ್ಯಾರೊಲಿನಾ ಐಕ್. ಬರೀ ಕೇಳಬೇಡಿ, ವಿಡಿಯೋ ನೋಡಿ. ಬೆರಳಾಟದಲ್ಲೇ ಅರ್ಧ ಮಜಾ. ಹೆಡ್‌ಫೋನ್ ಮಾತ್ರ ಬಿಡಬೇಡಿ, ಶಿರಸಿ ಮಳೆ ಹಂಚಿನ ಮೇಲೆ ಬಡಿಯುವಾಗ ಫೋನಿನ ಸ್ಪೀಕರ್‌ ಯಾವ ಲೆಕ್ಕ!