ಜೆಡ್‌ಎಕ್ಸ್81ರ 'ತ್ರೀಡಿ ಮಾನ್‌ಸ್ಟರ್ ಮೇಜ್' ಆಟ ಇವತ್ತಿಗೂ ಜನರಿಗೆ ಯಾಕೆ ಇಷ್ಟ?

ಡೈನೋಸಾರ್ ಕಾಣದೇ ಇರುವಾಗಲೇ ಅದು ಜಾಸ್ತಿ ಹೆದರಿಸುತ್ತದೆ, ಅದಕ್ಕೇ.

ಜೆಡ್‌ಎಕ್ಸ್81 ಅಂದರೆ 1981ರಲ್ಲಿ ಬ್ರಿಟನ್‌ನ ಸಿಂಕ್ಲೇರ್ ತಂದ ಪುಟ್ಟ ಕಂಪ್ಯೂಟರ್. ಬಣ್ಣ ಇಲ್ಲ, ಸದ್ದು ಇಲ್ಲ, ಮೆಮೊರಿ ಬರೀ 1 ಕೆಬಿ. ಮಾಲ್ಕಮ್ ಇವಾನ್ಸ್ ಬರೆದ ಈ ಆಟ ಆಡಬೇಕಾದರೆ ಕಂಪ್ಯೂಟರ್‌ನ ಬೆನ್ನಿಗೆ 16 ಕೆಬಿಯ ಮೆಮೊರಿ ಡಬ್ಬಿಯೊಂದನ್ನು ಸಿಕ್ಕಿಸಬೇಕಿತ್ತು (ಅದು ಚೂರು ಅಲ್ಲಾಡಿದರೂ ಆಟ ಢಮಾರ್, ಅದೊಂದು ಬೇರೆ ಭಯ).

ಕೆಲಸ ಇಷ್ಟೇ: ಟಿ-ರೆಕ್ಸ್ ಡೈನೋಸಾರ್ ಓಡಾಡುವ ವ್ಯೂಹದಿಂದ ಹೊರಗೆ ಬರಬೇಕು. ಎಡ, ಬಲ, ಮುಂದೆ, ಮೂರೇ ಕೀ. ಪ್ರತಿ ಸಲ ವ್ಯೂಹ ಹೊಸದು, ಹಾಗಾಗಿ ದಾರಿ ಬಾಯಿಪಾಠ ಆಗುವುದಿಲ್ಲ. ಕಣ್ಣ ಮುಂದೆ ಕಪ್ಪು, ಬೂದು ಚೌಕಗಳ ಓಣಿ, ಕೆಳಗೆ ಒಂದು ಸಾಲು ಬರಹ. ಮೊದಲು 'ರೆಕ್ಸ್ ಹೊಂಚು ಹಾಕಿದೆ' ಅನ್ನುತ್ತದೆ. ಆಮೇಲೆ 'ಹೆಜ್ಜೆ ಸಪ್ಪಳ ಹತ್ತಿರ ಬರ್ತಿದೆ'. ಸದ್ದೇ ಮಾಡಲಾಗದ ಮೆಷಿನ್ ಸಪ್ಪಳದ ಸುದ್ದಿಯನ್ನು ಅಕ್ಷರದಲ್ಲಿ ಹೇಳುತ್ತದೆ, ನಮಗೋ ಅದು ನಿಜಕ್ಕೂ ಕೇಳಿಸಿದ ಹಾಗಾಗಿ ಎದೆ ಡವಡವ ಅನ್ನುತ್ತದೆ, ಎಲ್ಲಿಂದ ಬರುತ್ತಿದೆ ಅಂತ ಮಾತ್ರ ಗೊತ್ತಾಗುವುದಿಲ್ಲ. 'ಓಡು, ಹಿಂದೆಯೇ ಇದೆ' ಅಂತ ಬಂದಾಗ ತಿರುಗಿ ನೋಡುತ್ತಾ ನಿಂತರೆ ಕಥೆ ಮುಗಿಯಿತು. ಪರದೆ ತುಂಬಾ ಹಲ್ಲು.

ಇವತ್ತಿನ ಗ್ರಾಫಿಕ್ಸ್ ಎಲ್ಲವನ್ನೂ ತೋರಿಸಿಬಿಡುತ್ತದೆ, ಅಲ್ವಾ? ಇಲ್ಲಿ ಅರ್ಧ ಪ್ರಾಣಿಯನ್ನು ನಾವೇ ತಲೆಯೊಳಗೆ ಬಿಡಿಸಿಕೊಳ್ಳುತ್ತೇವೆ. ನಂಬಿಕೆ ಬರದಿದ್ದರೆ ರಾತ್ರಿ ಲೈಟ್ ಆರಿಸಿ, ಎಮ್ಯುಲೇಟರ್‌ನಲ್ಲಿ (ಇವತ್ತಿನ ಕಂಪ್ಯೂಟರನ್ನೇ ಹಳೇ ಮೆಷಿನ್ ಥರ ನಡೆಸುವ ಸಾಫ್ಟ್‌ವೇರ್) ಸುಮ್ನೆ ಒಂದು ಸಲ ಆಡಿ ನೋಡಿ.