ನಮ್ಮ ಡೇಟಾಗೆ ಆಂಟಾಲಜಿ ಬೇಕಾ? ಬೇಕಾದರೆ ಎಲ್ಲಿಂದ ಶುರು ಮಾಡುವುದು?

ನೀವು ಕೇಳಿದ್ದು ಇಷ್ಟು: ಯಂತ್ರಗಳ ವಿವರ ಒಂದು ಡೇಟಾಬೇಸ್‌ನಲ್ಲಿದೆ, ರಿಪೇರಿ ದಾಖಲೆ ಇನ್ನೊಂದರಲ್ಲಿದೆ, ಕೈಪಿಡಿಗಳೆಲ್ಲ ಪಿಡಿಎಫ್ ರಾಶಿಯಲ್ಲಿವೆ. ಒಂದೇ ಪಂಪಿಗೆ ಮೂರು ಕಡೆ ಮೂರು ಹೆಸರು. ಇದಕ್ಕೆ ಆಂಟಾಲಜಿ ಕಟ್ಟಬೇಕಾ, ಇಲ್ಲಾ ಡೇಟಾಬೇಸನ್ನೇ ಸರಿಮಾಡಿಕೊಂಡರೆ ಸಾಕಾ?

ಎಲ್ಲ ಡೇಟಾ ಒಂದೇ ಅಪ್ಲಿಕೇಶನ್‌ನಲ್ಲಿ ಇದ್ದಿದ್ದರೆ ಡೇಟಾಬೇಸ್ ಸಾಕು ಅಂತಲೇ ಹೇಳುತ್ತಿದ್ದೆ. ನಿಮ್ಮ ತೊಂದರೆ ಬೇರೆ. ಟೇಬಲ್ಲಿನ ಒಂದು ಕಾಲಂ ಏನನ್ನು ಹೇಳುತ್ತದೆ ಅನ್ನುವುದು ಅದನ್ನು ಮಾಡಿದವರ ತಲೆಯಲ್ಲಿ, ಕೋಡಿನ ಮೂಲೆಯಲ್ಲಿ ಕೂತಿರುತ್ತದೆ. ಎರಡನೇ ಸಿಸ್ಟಮ್‌ಗೆ ಅದು ಗೊತ್ತಾಗುವುದಿಲ್ಲ. ಆಂಟಾಲಜಿ ಅಂದರೆ ಆ ಅರ್ಥವನ್ನು ಹೊರಗೆ ತಂದು, ಎಲ್ಲರೂ ಒಪ್ಪಿ, ಕಂಪ್ಯೂಟರ್ ಓದುವ ಹಾಗೆ ಬರೆದಿಡುವುದು. ಹಾಗಾಗಿ ನಿಮಗೆ ಬೇಕು. ಆದರೆ ಚಿಕ್ಕದೊಂದು ಸಾಕು.

ಕ್ಲಾಸುಗಳ, ಅಂದರೆ ವಸ್ತುಗಳ ಬಗೆಗಳ, ಮರ ಬರೆಯೋಕೆ ಈಗಲೇ ಕೂರಬೇಡಿ. ಮೊದಲು ಪ್ರಶ್ನೆಗಳನ್ನು ಬರೆಯಿರಿ. 'ಸೀಲ್ ಪದೇ ಪದೇ ಹಾಳಾಗುವ ಪಂಪುಗಳಲ್ಲಿ ಯಾವ ಮಾದರಿಯ ಮೋಟರ್ ಇದೆ?' 'ಈ ರಿಪೇರಿಗೆ ಯಾವ ಕೈಪಿಡಿಯ ಯಾವ ಭಾಗ ನೋಡಬೇಕು?' ದಿನಾ ಕೆಲಸ ಮಾಡುವವರು ಕೇಳುವಂಥ ಹತ್ತಿಪ್ಪತ್ತು ಪ್ರಶ್ನೆ ಸಿಕ್ಕರೆ ಸಾಕು. ಯಾವ ಪ್ರಶ್ನೆಗೂ ಬೇಡವಾದ ಕ್ಲಾಸ್ ನಿಮ್ಮ ಆಂಟಾಲಜಿಯಲ್ಲಿ ಇರಬಾರದು. ಜಗತ್ತನ್ನೆಲ್ಲ ಬಣ್ಣಿಸಲು ಹೊರಟು ಅರ್ಧಕ್ಕೇ ನಿಂತುಹೋಗುವುದು ಈ ಕೆಲಸದಲ್ಲಿ ತುಂಬಾ ಜಾಸ್ತಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆಮೇಲೆ ಬರುತ್ತದೆ ನಿಜವಾದ ಕೆಲಸ, ಸಂಬಂಧಗಳನ್ನು ಬೇರೆ ಬೇರೆ ಮಾಡುವುದು. 'ಸೆಂಟ್ರಿಫ್ಯೂಗಲ್ ಪಂಪ್ ಒಂದು ಬಗೆಯ ಪಂಪ್.' ಇದು ಸಬ್‌ಕ್ಲಾಸ್. 'ಸೀಲ್ ಪಂಪಿನ ಭಾಗ.' ಇದು ಸಬ್‌ಕ್ಲಾಸ್ ಅಲ್ಲವೇ ಅಲ್ಲ, ಆದರೂ ಫೋಲ್ಡರ್ ಜೋಡಿಸಿ ಅಭ್ಯಾಸವಾದವರು ಪಂಪಿನ ಕೆಳಗೇ ಸೀಲನ್ನು ಇಡುತ್ತಾರೆ. ಹಾಗಿಟ್ಟರೆ ಪ್ರತಿ ಸೀಲೂ ಒಂದು ಪಂಪ್ ಅಂತ ಸಿಸ್ಟಮ್ ನಂಬುತ್ತದೆ. 'ಸ್ಟ್ಯಾಂಡ್‌ಬೈ ಪಂಪ್' ಇನ್ನೂ ನಾಜೂಕಾದದ್ದು. ಇವತ್ತು ಸ್ಟ್ಯಾಂಡ್‌ಬೈ ಆಗಿರುವ ಪಂಪ್ ನಾಳೆ ಮುಖ್ಯ ಪಂಪ್ ಆಗಬಹುದು, ಅಲ್ವಾ? ಅದು ಪಂಪಿನ ಬಗೆ ಅಲ್ಲ, ಸದ್ಯಕ್ಕೆ ಅದು ಮಾಡುತ್ತಿರುವ ಪಾತ್ರ. ಪಾತ್ರವನ್ನು ಪ್ರಾಪರ್ಟಿಯಾಗಿ, ಅಂದರೆ ಆ ಪಂಪಿನ ಬಗ್ಗೆ ಬರೆದಿಡುವ ಒಂದು ಗುಣ ಅಥವಾ ಸಂಬಂಧವಾಗಿ, ಇಡಿ. ಇಷ್ಟು ಸರಿಯಾದರೆ ಲಾಭ ತಾನಾಗಿ ಬರುತ್ತದೆ. ಸೀಲ್ ಪಂಪಿನ ಭಾಗ, ಪಂಪ್ ಕೂಲಿಂಗ್ ಲೈನಿನ ಭಾಗ ಅಂತ ಬರೆದು, 'ಭಾಗ' ಅನ್ನುವ ಸಂಬಂಧ ಮೇಲಿನವರೆಗೂ ಸಾಗುತ್ತದೆ ಎಂದು ಹೇಳಿದರೆ, ಕೂಲಿಂಗ್ ಲೈನಿನ ದೋಷ ಹುಡುಕುವಾಗ ಸೀಲಿನ ದಾಖಲೆಯೂ ಬರುತ್ತದೆ. ಅದನ್ನು ಯಾರೂ ಕೈಯಾರೆ ಜೋಡಿಸಬೇಕಿಲ್ಲ. ಬರೆದಿಟ್ಟದ್ದರಿಂದ ಹೊಸ ತೀರ್ಮಾನ ತೆಗೆಯುವ ಪ್ರೋಗ್ರಾಮಿಗೆ ರೀಸನರ್ ಅನ್ನುತ್ತಾರೆ. ಅದು ಮಾಡುವ ಈ ಕೆಲಸ ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಡೇಟಾಬೇಸ್‌ನಿಂದ ಬಂದವರು ಎಡವುವುದು ಎರಡು ಕಡೆ. 'ರಿಪೇರಿ ಮಾಡಿದವರು' ಅನ್ನುವ ಪ್ರಾಪರ್ಟಿಯ ರೇಂಜ್ (ಅಲ್ಲಿ ಬರುವುದು ಯಾವ ಕ್ಲಾಸಿಗೆ ಸೇರಿದ್ದು ಅನ್ನುವುದು) 'ತಂತ್ರಜ್ಞ' ಅಂತ ಕೊಟ್ಟಿದ್ದೀರಿ ಅಂದುಕೊಳ್ಳಿ. ಅಲ್ಲಿ ಯಾರೋ ಒಂದು ಕಂಪನಿಯನ್ನು ಹಾಕಿದರು. ತಪ್ಪು ಅಂತ ಎಚ್ಚರಿಕೆ ಬರುವುದಿಲ್ಲ. ಆ ಕಂಪನಿಯೂ ಒಬ್ಬ ತಂತ್ರಜ್ಞ ಅಂತ ರೀಸನರ್ ಸುಮ್ನೆ ತೀರ್ಮಾನಿಸಿಬಿಡುತ್ತದೆ! ಕಂಪನಿ ಮತ್ತು ತಂತ್ರಜ್ಞ ಒಂದೇ ಆಗಲು ಸಾಧ್ಯವಿಲ್ಲ ಎಂದು ಮೊದಲೇ ಬರೆದಿದ್ದರೆ ಮಾತ್ರ ವಿರೋಧ ಸಿಕ್ಕಿಬೀಳುತ್ತದೆ. ಇನ್ನೊಂದು, ದಾಖಲೆ ಇಲ್ಲ ಅಂದರೆ ನಡೆದಿಲ್ಲ ಅಂತ, ಆಂಟಾಲಜಿ ಬರೆಯಲು ಬಳಸುವ ಔಲ್ (OWL) ಭಾಷೆ ತಿಳಿಯುವುದಿಲ್ಲ. ಒಂದು ಪಂಪಿಗೆ ತಪಾಸಣೆಯ ದಾಖಲೆ ಇಲ್ಲದಿದ್ದರೆ ಅದಕ್ಕೆ ಅದು 'ಗೊತ್ತಿಲ್ಲ' ಅಷ್ಟೆ. ಡೇಟಾ ಪೂರ್ತಿ ಇದೆಯಾ, ಸರಿಯಿದೆಯಾ ಅಂತ ನೋಡಲು ಶ್ಯಾಕಲ್ (SHACL) ಅನ್ನುವ ನಿಯಮಗಳ ಭಾಷೆ ಬಳಸಿ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಅದನ್ನು 2017ರಲ್ಲಿ ಮಾನದಂಡವಾಗಿ ತಂದಿದ್ದೇ ಇಂಥ ಪರೀಕ್ಷೆಗೆ. ನನ್ನ ಪ್ರಕಾರ ನಿಮ್ಮಂಥ ಕೆಲಸಕ್ಕೆ ಔಲ್‌ಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಟೂಲುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸ್ಟ್ಯಾನ್‌ಫರ್ಡ್‌ನ ಪ್ರೊಟೆಜೆ ಉಚಿತ. ಅದರಲ್ಲಿ ಕಟ್ಟಿ, ಆರ್‌ಡಿಎಫ್ (RDF) ಅನ್ನುವ ಡೇಟಾ ರೂಪದಲ್ಲಿ ಉಳಿಸಿ, ನಿಮ್ಮ ಪ್ರಶ್ನೆಗಳನ್ನು ಅದನ್ನು ಪ್ರಶ್ನಿಸುವ ಭಾಷೆಯಾದ ಸ್ಪಾರ್ಕಲ್‌ನಲ್ಲಿ (SPARQL) ಬರೆದು ಓಡಿಸಿ ನೋಡಿ. ಉತ್ತರ ಬರದ ಪ್ರಶ್ನೆಯೇ ಮುಂದೆ ಏನು ಸೇರಿಸಬೇಕು ಅಂತ ಹೇಳುತ್ತದೆ. ಕೈಪಿಡಿಗಳಿಗೆ ವಿಷಯದ ಪಟ್ಟಿ ಮಾತ್ರ ಸಾಕಾದರೆ ಅಷ್ಟು ದೂರ ಹೋಗುವುದೂ ಬೇಡ, ಇಂಥ ಪಟ್ಟಿಗಳಿಗೆಂದೇ ಇರುವ ಸ್ಕಾಸ್ (SKOS) ಹಗುರವಾಗಿದೆ.

ಮೂರು ಹೆಸರಿನ ಪಂಪಿನ ವಿಷಯ. ಹೆಸರನ್ನು ಗುರುತಾಗಿ ಬಳಸಬೇಡಿ. ಅರ್ಥವಿಲ್ಲದ ಒಂದು ಐಡಿ ಕೊಟ್ಟು, ಮೂರೂ ಹೆಸರನ್ನು ಅದಕ್ಕೆ ಲೇಬಲ್ಲಾಗಿ ಅಂಟಿಸಿ. 1998ರಲ್ಲಿ ನೊಣ, ಇಲಿ, ಯೀಸ್ಟ್‌ಗಳ ಡೇಟಾಬೇಸ್ ನೋಡಿಕೊಳ್ಳುತ್ತಿದ್ದವರು ಸೇರಿ, ಜೀನುಗಳ ಕೆಲಸವನ್ನು ಒಂದೇ ಪದಗಳಲ್ಲಿ ಬಣ್ಣಿಸಲು ಶುರುಮಾಡಿದ ಜೀನ್ ಆಂಟಾಲಜಿ ಇವತ್ತೂ ಹೀಗೇ ನಡೆಯುತ್ತಿದೆ. ಅಲ್ಲಿ ಒಂದು ಪದ ಬೇಡವಾದರೆ ಅದರ ಐಡಿಯನ್ನು ಅಳಿಸುವುದಿಲ್ಲ. ಬಳಕೆಯಲ್ಲಿಲ್ಲ ಎಂದು ಗುರುತು ಹಾಕಿ, ಸರಿಯಾದ ಬದಲಿ ಇದ್ದರೆ ಅದನ್ನು ತೋರಿಸುತ್ತಾರೆ. ನೀವೂ ಮೊದಲ ದಿನದಿಂದಲೇ ಹಾಗೇ ಮಾಡಿ. ಹಳೆಯ ರಿಪೇರಿ ದಾಖಲೆಗಳು ಆ ಐಡಿಗಳನ್ನೇ ನೆಚ್ಚಿಕೊಂಡಿರುತ್ತವೆ.