ಮೆತ್ತನೆಯ ಪ್ಲಾಸ್ಟಿಕ್ ಲೂರ್‌ಗಳು ಡಬ್ಬಿಯಲ್ಲೇ ಕರಗಿ ಅಂಟಿಕೊಳ್ಳುವುದೇಕೆ, ಹೇಗೆ ಇಡಬೇಕು?

ಮೀನು ಹಿಡಿಯುವ ಮೆತ್ತನೆಯ ಲೂರ್‌ಗಳಲ್ಲಿ, ಅಂದರೆ ಕೃತಕ ಎರೆಗಳಲ್ಲಿ, ಹೆಚ್ಚಿನವು ಪಿವಿಸಿ ಪ್ಲಾಸ್ಟಿಕ್‌ನವು. ಗಡುಸಾದ ಪಿವಿಸಿಯನ್ನು ಮೃದುವಾಗಿಸಲು ಬೆರೆಸುವ ಎಣ್ಣೆಯಂಥ ಪ್ಲಾಸ್ಟಿಸೈಜರ್ ಅದರೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲವಾದ್ದರಿಂದ, ಕ್ರಮೇಣ ಹೊರಗೆ ಒಸರಿ, ತಾಗಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನ ಡಬ್ಬಿಯನ್ನೂ ಗಟ್ಟಿ ಲೂರ್‌ಗಳ ಬಣ್ಣವನ್ನೂ ಕರಗಿಸುತ್ತದೆ. ಝಡ್-ಮ್ಯಾನ್ ಕಂಪನಿಯ ಎಲಾಝ್‌ಟೆಕ್ ಲೂರ್‌ಗಳು ಪಿವಿಸಿಯವಲ್ಲ. ಅವನ್ನು ಪಿವಿಸಿ ಲೂರ್‌ಗಳ ಜೊತೆ ಇಟ್ಟರೆ ಕರಗಿ ಮುದ್ದೆಯಾಗುತ್ತವೆ, ಮತ್ತೆ ಸರಿಪಡಿಸಲಾಗುವುದಿಲ್ಲ.

ಆದ್ದರಿಂದ ಪ್ರತಿಯೊಂದನ್ನೂ ಅದು ಬಂದ ಚೀಲದಲ್ಲೇ ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ವಾಸನೆಯ ದ್ರವ ಅಥವಾ ಉಪ್ಪು ಹಾಕಿದ ಲೂರ್‌ಗಳಿಗಂತೂ ಇದು ಅನಿವಾರ್ಯ. ಡಬ್ಬಿ ಬೇಕೇ ಬೇಕೆಂದಾದರೆ ಪಾಲಿಪ್ರೊಪಿಲೀನ್‌ನದನ್ನು ಆರಿಸಿ (ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಇರುತ್ತದೆ). ಬಣ್ಣಗಳನ್ನೂ ಬೆರೆಸಬೇಡಿ, ಕಪ್ಪು ಲೂರ್ ಪಕ್ಕದ ಬಿಳಿಯದಕ್ಕೆ ಹತ್ತಿದ ಕಲೆ ತೊಳೆದರೆ ಹೋಗುವುದಿಲ್ಲ.

ಬಳಸಿದ ಲೂರನ್ನು ಗಾಳದಿಂದ ಬಿಡಿಸಿ, ಪೂರ್ತಿ ಒಣಗಿಸಿಯೇ ಒಳಗಿಡಿ. ಇಲ್ಲವಾದರೆ ಗಾಳ ತುಕ್ಕು ಹಿಡಿಯುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಎಂದೂ ಬಿಡಬೇಡಿ. ಬಾಲ ಮಡಚಿಕೊಂಡ ಪಿವಿಸಿ ಲೂರನ್ನು ಬಿಸಿನೀರಿನಲ್ಲಿ ಕೆಲವು ಸೆಕೆಂಡು ಅದ್ದಿ, ನೆಟ್ಟಗೆ ಹಿಡಿದು ತಣ್ಣೀರಿಗೆ ಹಾಕಿದರೆ ಸಾಮಾನ್ಯವಾಗಿ ಮೊದಲಿನ ಆಕಾರಕ್ಕೆ ಮರಳುತ್ತದೆ.